ಮಾತು ಮುಂದೆ, ಮದ್ದಲೆ ಹಿಂದೆ

ಒಂದು ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಸ್ವಾಗತಗೀತೆ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಕನ್ನಡ ಪಾಠ ಮಾಡುವವರೆಲ್ಲ ಕವಿಗಳೆಂದು ನನ್ನ ಸಹೋದ್ಯೋಗಿಗಳ ನಂಬಿಕೆ. ಹೇಗೋ ಹನ್ನೆರಡು ಸಾಲು ಹೊಸೆದೆ. ಅದರಲ್ಲಿ ‘ನಮ್ಮೂರ ಕತೆಗಳ ಕೇಳಿರಿ ಬನ್ನಿ’ ಎಂದೊಂದು ಸಾಲು. ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ ಎರಡೂ ಇರುವ ಶಿಕಾರಿಪುರ ತಾಲ್ಲೂಕಿನಲ್ಲಿ ಕತೆಗೇನು ಬರವೇ ಎಂದುಕೊಂಡು ನಾನೇ ಹಿಗ್ಗಿದೆ. ಮಕ್ಕಳು ವೇದಿಕೆಯ ಮೇಲೆ ಹೆದರಿ ಶ್ರುತಿ ತಪ್ಪಬಾರದೆಂದು ಅವರ ಹಾಡನ್ನು ಮೊದಲೇ ರೆಕಾರ್ಡು ಮಾಡಿಸಿ, ಕೀಬೋರ್ಡು, ರಿದಂ ಪ್ಯಾಡು ಎಲ್ಲ ಸೇರಿಸಿ ತರಿಸಿದ್ದಾಯಿತು. ಸಭೆ ತುಂಬಿತ್ತು. ಆಳೆತ್ತರದ ಸ್ಪೀಕರುಗಳಿಂದ ಹಾಡು ಮೊಳಗಿತು: ‘ನಮ್ಮೂರ ಕತ್ತೆಗಳ ಕೇಳಿರಿ ಬನ್ನಿ!’

ಮುಂದಿನ ಸಾಲಿನಲ್ಲಿದ್ದ ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಕುಳಿತ ಹುಡುಗರಿಗಂತೂ ಹಬ್ಬ. ನಾನು ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಪರದೆಯ ಹಿಂದೆ ಹೋಗಿ ಮಕ್ಕಳನ್ನು ಗದರಿದೆ. ಒಬ್ಬಳು ಅಳುಮುಖ ಮಾಡಿ, “ನಾವು ಕತೆ ಅಂತಲೇ ಹೇಳಿದ್ವಿ ಮಿಸ್” ಎಂದಳು. ಮೈಕ್‌ಸೆಟ್ಟಿನ ಬಳಿ ನಿಂತಿದ್ದ ಯುವಕ ಮೆಲ್ಲಗೆ ಬಂದ. ನಾನು ಹಿಂದೆ ಹಳ್ಳಿಯ ಶಾಲೆಯಲ್ಲಿದ್ದಾಗ ಕಲಿಸಿದ ಹುಡುಗ. “ಅವರನ್ನ ಬಯ್ಯಬೇಡಿ ಅಕ್ಕೋರೆ. ಮಕ್ಕಳು ಸರಿಯಾಗೇ ಹಾಡಿದ್ದಾರೆ. ಎಡವಟ್ಟಾಗಿರೋದು ಮಿಕ್ಸಿಂಗಲ್ಲಿ” ಎಂದ.

ಮಿಕ್ಸಿಂಗ್ ಎಂಬ ಪದ ನನಗೆ ಹೊಸತಲ್ಲ. ಆದರೆ ಅದು ಒಂದು ಅಕ್ಷರಕ್ಕೆ ಒತ್ತು ಕೊಡಬಲ್ಲದು, ಕೊಟ್ಟ ಒತ್ತನ್ನು ಕಿತ್ತುಕೊಳ್ಳಬಲ್ಲದು ಎಂದು ಗೊತ್ತಿರಲಿಲ್ಲ. ಮೂವತ್ತು ವರ್ಷ ವ್ಯಾಕರಣ ಕಲಿಸಿದವಳಿಗೆ ಇದು ಸಣ್ಣ ಅವಮಾನವೇನಲ್ಲ.

ನೀವೂ ಒಮ್ಮೆ ‘ಕತೆ’, ‘ಕತ್ತೆ’ ಎಂದು ಬಾಯಿಬಿಟ್ಟು ಹೇಳಿ ನೋಡಿ. ‘ಕತ್ತೆ’ ಎನ್ನುವಾಗ ನಾಲಿಗೆ ಹಲ್ಲಿನ ಹಿಂದೆ ಒಂದು ಕ್ಷಣ ಹೆಚ್ಚಿಗೆ ನಿಲ್ಲುತ್ತದೆ. ಆ ಕ್ಷಣದಲ್ಲಿ ಬಾಯಿಂದ ಯಾವ ಸದ್ದೂ ಹೊರಡುವುದಿಲ್ಲ. ಅಂದರೆ ಕತೆಗೂ ಕತ್ತೆಗೂ ನಡುವಿನ ವ್ಯತ್ಯಾಸ ಒಂದು ಚೂರು ಮೌನ. ಸಜಾತೀಯ ಒತ್ತಕ್ಷರ ಎಂದು ಕಪ್ಪುಹಲಗೆಯ ಮೇಲೆ ಸಾವಿರ ಸಲ ಬರೆದಿದ್ದೇನೆ. ಅದರೊಳಗೆ ಮೌನ ಕುಳಿತಿದೆ ಎಂದು ಒಂದು ಸಲವೂ ಹೇಳಿರಲಿಲ್ಲ. ನಮ್ಮ ಸ್ವಾಗತಗೀತೆಯ ಧಾಟಿಯಲ್ಲಿ ‘ಕ’ ಒಂದು ಪೆಟ್ಟಿಗೆ, ‘ತೆ’ ಮುಂದಿನ ಪೆಟ್ಟಿಗೆ ಬಿದ್ದಿತ್ತು. ಆ ಎರಡರ ನಡುವೆ ಮಕ್ಕಳು ಎಳೆದಿದ್ದ ಅಕಾರವನ್ನು ರಿದಂ ಪ್ಯಾಡಿನ ಹೊಡೆತ ನುಂಗಿತ್ತು. ಕಿವಿಗೆ ಉಳಿದದ್ದು ತುಂಡಾದ ‘ಕ’, ಒಂದು ಬಿಡುವು, ಆಮೇಲೆ ‘ತೆ’. ಕತ್ತೆಯಾಗದೆ ಇನ್ನೇನಾದೀತು?

ನಮ್ಮ ಹಳೆಯ ಸಂಗೀತಶಾಸ್ತ್ರದಲ್ಲಿ ‘ಮಾತು’ ಮತ್ತು ‘ಧಾತು’ ಎಂಬ ಎರಡು ಪದಗಳಿವೆ. 13ನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದ ಪ್ರಕಾರ ಹಾಡಿನ ಸಾಹಿತ್ಯ ಮಾತು, ಅದರ ಸ್ವರರಚನೆ ಧಾತು. ಎರಡನ್ನೂ ಬಲ್ಲವನು ವಾಗ್ಗೇಯಕಾರ. ಪುರಂದರದಾಸರನ್ನು ನಾವು ಹಾಗೆ ಕರೆಯುತ್ತೇವೆ. ರೆಕಾರ್ಡಿಂಗ್ ಬಂದ ಮೇಲೆ ಇವೆರಡರ ಜೊತೆಗೆ ಮೂರನೆಯ ಕೈಯೊಂದು ಸೇರಿಕೊಂಡಿದೆ. ಕವಿ ಬರೆದು, ಗಾಯಕ ಹಾಡಿ ಮನೆಗೆ ಹೋದ ಮೇಲೆ, ಯಾವ ಸದ್ದು ಮುಂದೆ ಯಾವುದು ಹಿಂದೆ ಎಂದು ತೀರ್ಮಾನಿಸುವ ಕೈ ಅದು. ಅದರ ಹೆಸರು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಇದ್ದರೂ ಸಣ್ಣ ಅಕ್ಷರದಲ್ಲಿ. ಹಾಡಿನ ವಿಮರ್ಶೆ ಬರೆಯುವವರು ಕವಿಯನ್ನು ಹೊಗಳುತ್ತಾರೆ, ಗಾಯಕರನ್ನು ತೂಗುತ್ತಾರೆ. ಈ ಕೈಯನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳುತ್ತಿರಲಿಲ್ಲ. ಆದರೆ ಆ ಹುಡುಗನ ಮಾತು ಕೇಳಿದ ರಾತ್ರಿ ನನಗೆ ಅಮ್ಮನ ಹಾಡು ನೆನಪಾಗಿ ನಿದ್ದೆ ಬರಲಿಲ್ಲ.

ನನ್ನ ತವರು ಸೊರಬದ ಹತ್ತಿರದ ಒಂದು ಹಳ್ಳಿ. 1993ರ ಮಳೆಗಾಲದಲ್ಲಿ, ಕೆಲಸ ಸಿಕ್ಕ ಹೊಸದರಲ್ಲಿ, ನಾನೊಂದು ಟೇಪ್ ರೆಕಾರ್ಡರ್ ಕೊಂಡು ಊರಿಗೆ ಹೋಗಿದ್ದೆ. ಅಮ್ಮನಿಗೆ ಬೀಸುವ ಪದಗಳು ಬಹಳ ಬರುತ್ತಿದ್ದವು. ಅಷ್ಟು ಹೊತ್ತಿಗೆ ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತ್ತು. “ಸುಮ್ಮನೆ ಕೂತು ಹಾಡಮ್ಮ” ಎಂದರೆ, “ಕಲ್ಲು ತಿರುಗದೆ ಪದ ಬರೋದಿಲ್ಲ ಮಗಾ” ಎಂದು ಕಲ್ಲು ಎಳೆದುಕೊಂಡು, ಎರಡು ಹಿಡಿ ಅಕ್ಕಿ ಹಾಕಿಕೊಂಡು ಕುಳಿತರು. ಹೆಂಚಿನ ಮೇಲೆ ಮಳೆ, ಒಳಗೆ ಕಲ್ಲಿನ ಗರಗರ, ನಡುವೆ ಒಮ್ಮೆ ಹುಂಜದ ಕೂಗು. ಎಲ್ಲವೂ ಕ್ಯಾಸೆಟ್ಟಿಗೆ ಹೋಯಿತು.

ಅಮ್ಮ 2007ರಲ್ಲಿ ತೀರಿಕೊಂಡರು. ವರ್ಷದ ತಿಥಿಗೆ ನೆಂಟರೆಲ್ಲ ಸೇರುವಾಗ ಕೇಳಿಸೋಣವೆಂದು ಆ ಕ್ಯಾಸೆಟ್ಟನ್ನು ಪೇಟೆಯ ಸ್ಟುಡಿಯೋ ಒಂದಕ್ಕೆ ಕೊಟ್ಟೆ. “ತುಂಬ ಗಲೀಜಾಗಿದೆ ಮೇಡಂ, ಕ್ಲೀನ್ ಮಾಡಿ ಕೊಡ್ತೀವಿ” ಎಂದರು. ಸಿ.ಡಿ. ಬಂತು. ಮಳೆ ಇಲ್ಲ, ಕಲ್ಲಿಲ್ಲ. ಕೀಬೋರ್ಡಿನ ಮೆತ್ತನೆಯ ಹಾಸಿಗೆ, ಅಲ್ಲಲ್ಲಿ ಕೊಳಲು, ತಬಲಾ, ಗುಹೆಯೊಳಗಿಂದ ಬಂದಂತೆ ಪ್ರತಿಧ್ವನಿ. ಎಷ್ಟು ಚೆನ್ನಾಗಿದೆ ಎಂದು ನಾನೇ ಕಣ್ಣೀರು ಹಾಕಿದೆ, ಸುಳ್ಳು ಹೇಳಲಾರೆ. ತಿಥಿಯ ದಿನ ಊಟವಾದ ಮೇಲೆ ಹಾಕಿದೆ. ಚಿಕ್ಕಮ್ಮ ಕಂಬಕ್ಕೆ ಒರಗಿ ಎಲೆಅಡಿಕೆ ಹಾಕಿಕೊಳ್ಳುತ್ತ ಕೇಳಿದರು. ಎರಡು ಪದ ಮುಗಿದ ಮೇಲೆ, “ಚಲೋ ಹಾಡ್ತಾಳೆ. ಇದ್ಯಾರೇ ಮಾರಾಯ್ತಿ?” ಎಂದರು.

ಒಡಹುಟ್ಟಿದವಳ ದನಿ ಗುರುತು ಹತ್ತಲಿಲ್ಲ. ಚಿಕ್ಕಮ್ಮನಿಗೆ ವಯಸ್ಸಾಯಿತು, ಕಿವಿ ಮಂದವಾಯಿತು ಎಂದು ನಾವೆಲ್ಲ ಸಮಾಧಾನ ಮಾಡಿಕೊಂಡೆವು. ಆ ಸಿ.ಡಿ. ಬೀರು ಸೇರಿತು.

ಕತ್ತೆಯ ಪ್ರಸಂಗ ಆದ ಮೇಲೆ, ಒಂದು ಭಾನುವಾರ ಹಳೆಯ ಕ್ಯಾಸೆಟ್ಟು, ಈ ಸಿ.ಡಿ. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬದ ಬಸ್ಸು ಹತ್ತಿದೆ. ಆ ಹುಡುಗ ಅಲ್ಲಿ ಒಂದು ಕೋಣೆ ಹಿಡಿದು ಕಂಪ್ಯೂಟರ್ ಇಟ್ಟುಕೊಂಡಿದ್ದಾನೆ. ಗೋಡೆಗೆ ಹಳೆಯ ಕಂಬಳಿ ಹೊಡೆದಿದ್ದಾನೆ, ಸದ್ದು ಗೋಡೆಗೆ ಬಡಿದು ಮರಳದಂತೆ. ಪರದೆಯ ಮೇಲೆ ಒಂದೊಂದು ವಾದ್ಯಕ್ಕೂ ಒಂದೊಂದು ಪಟ್ಟಿ, ಪ್ರತಿಯೊಂದಕ್ಕೂ ಏರಿಸುವ ಇಳಿಸುವ ಗುಂಡಿ. “ಎಲ್ಲಾ ಸೇರಿಸಿ ಕಲಸೋದು ಅಷ್ಟೇ ತಾನೇ?” ಎಂದೆ. “ಕಲಸೋದಲ್ಲ ಅಕ್ಕೋರೆ, ಬಡಿಸೋದು” ಎಂದ.

ಅಡುಗೆ ಮಾಡುವ ನಮಗೆ ಇದಕ್ಕಿಂತ ಸುಲಭದಲ್ಲಿ ಯಾರು ತಿಳಿಸಿಯಾರು? ಬಾಳೆಎಲೆಯ ಮೇಲೆ ಉಪ್ಪಿಗೊಂದು ಜಾಗ, ಉಪ್ಪಿನಕಾಯಿಗೊಂದು, ಕೋಸಂಬರಿಗೊಂದು. ನಡುವೆ ಅನ್ನ. ಪಾಯಸ ಎಷ್ಟೇ ರುಚಿಯಾಗಿರಲಿ, ಹರಿದು ಹೋಗಿ ಅನ್ನಕ್ಕೆ ಸೇರಿದರೆ ಎರಡೂ ಕೆಟ್ಟವು. ಹಾಡಿನಲ್ಲಿಯೂ ಹಾಗೆಯೇ. ಒಂದು ವಾದ್ಯ ಬಲಗಿವಿಯ ಕಡೆ, ಇನ್ನೊಂದು ಎಡಗಿವಿಯ ಕಡೆ, ಧ್ವನಿ ನಡುವೆ.

ಸದ್ದಿಗೆ ಇನ್ನೊಂದು ಬಗೆಯ ಜಾಗವೂ ಇದೆ, ಅದು ಕಂಪನದ್ದು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗೆ ಕೇಳಬಲ್ಲದು. ಇವನ್ನು ಹರ್ಟ್ಸ್ ಎಂದು ಎಣಿಸುತ್ತಾರೆ. ಅ, ಆ, ಇ, ಈ ಮೊದಲಾದ ಸ್ವರಗಳ ಬಲವೆಲ್ಲ ಹೆಚ್ಚಾಗಿ ಕೆಳಗಿನ ಕಂಪನಗಳಲ್ಲಿದೆ. ಕ, ತ, ಪ ಇವನ್ನು ಒಂದರಿಂದ ಒಂದು ಬೇರೆ ಮಾಡುವ ಗುರುತು ಬಹುಮಟ್ಟಿಗೆ 2,000ದಿಂದ 4,000 ಹರ್ಟ್ಸ್ ಸುತ್ತಮುತ್ತ. ಸಕಾರದ ಸೀಟಿಯಂಥ ಸದ್ದು ಇನ್ನೂ ಮೇಲೆ. ವ್ಯಂಜನಗಳು ಬಲದಲ್ಲಿ ಬಡವರು, ಅರ್ಥದಲ್ಲಿ ಶ್ರೀಮಂತರು. ಜೋರಾದ ಸದ್ದೊಂದು ತನ್ನ ನೆರೆಯ ಕಂಪನದಲ್ಲಿರುವ ಮೆಲುಸದ್ದನ್ನು ಮುಚ್ಚಿಬಿಡುತ್ತದೆ. ಅದೇ ಪಟ್ಟಿಯಲ್ಲಿ ಪಿಟೀಲು, ಕೀಬೋರ್ಡು, ತಾಳ ಬಂದು ಕುಳಿತರೆ ಹಾಡುವವರ ದನಿ ಕೇಳುತ್ತಲೇ ಇರುತ್ತದೆ, ಪದ ಮಾತ್ರ ತಿಳಿಯುವುದಿಲ್ಲ.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ಕಂಪನಗಳನ್ನೇ. “ಸದ್ದು ಕೇಳುತ್ತೆ ಮಗಳೇ, ಮಾತು ತಿಳಿಯೋದಿಲ್ಲ” ಎಂದು ನಮ್ಮ ಮನೆಯ ಹಿರಿಯರು ಹೇಳಿದಾಗ ನಾವು ಟಿ.ವಿ.ಯ ಸದ್ದು ಜೋರು ಮಾಡುತ್ತೇವೆ. ಅವರಿಗೆ ಬೇಕಾದದ್ದು ಹೆಚ್ಚು ಸದ್ದಲ್ಲ, ಮಾತಿನ ಮೇಲೆ ಬಿದ್ದಿರುವ ಸದ್ದನ್ನು ತೆಗೆಯುವುದು.

ಹುಡುಗ ಸಿ.ಡಿ. ಕೇಳಿ ಇನ್ನೂ ಎರಡು ಸಂಗತಿ ತೋರಿಸಿದ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ, ಅದರ ಹುಟ್ಟುಗುಣವೇ ಒಂದು ಸುಯ್ ಎಂಬ ಸದ್ದು. ಅದನ್ನು ತೆಗೆಯುವ ಯಂತ್ರಕ್ಕೆ ಕನ್ನಡ ಬಾರದು. ನಮ್ಮ ಸ, ಶ, ಹ ಇವುಗಳೂ ಅದಕ್ಕೆ ಸುಯ್ ಎಂಬ ಸದ್ದೇ. ಕಸದ ಜೊತೆ ಅವನ್ನೂ ಗುಡಿಸಿ ಎಸೆದಿತ್ತು. ಅಮ್ಮನ ಹಾಡಿನಿಂದ ಹಕಾರಗಳೆಲ್ಲ ಹೋಗಿದ್ದವು. ಎರಡನೆಯದು ಆ ಪ್ರತಿಧ್ವನಿ. ಅದು ಒಂದು ಅಕ್ಷರದ ಬಾಲವನ್ನು ಎಳೆದು ಮುಂದಿನ ಅಕ್ಷರದ ಮೇಲೆ ಹೊದಿಸುತ್ತದೆ. ಒತ್ತಕ್ಷರದೊಳಗಿನ ಮೌನ ತುಂಬಿಹೋಗುತ್ತದೆ. ‘ಹತ್ತಿ’ ಹೋಗಿ ‘ಹತಿ’ ಆಗುತ್ತದೆ, ‘ಅಕ್ಕ’ ಹೋಗಿ ‘ಅಕ’ ಆಗುತ್ತದೆ. ಸ್ವಾಗತಗೀತೆಯಲ್ಲಿ ಇಲ್ಲದ ಮೌನ ಬಂದು ಸೇರಿತ್ತು. ಅಮ್ಮನ ಹಾಡಿನಲ್ಲಿ ಇದ್ದ ಮೌನ ಹೋಗಿತ್ತು. ಚಿಕ್ಕಮ್ಮನ ಕಿವಿಯ ಮೇಲೆ ಇಷ್ಟು ವರ್ಷ ಹೊರಿಸಿದ್ದ ತಪ್ಪು ಅವರದ್ದಾಗಿರಲಿಲ್ಲ.

ಅಂದಿನಿಂದ ನಾನು ಹಾಡು ಕೇಳುವ ರೀತಿಯೇ ಬದಲಾಯಿತು. ನಮ್ಮ ಪ್ರಿಯವಾದ ಸುಗಮ ಸಂಗೀತವನ್ನು ಇದೇ ಕಿವಿಯಿಂದ ಮತ್ತೆ ಕೇಳಿದೆ. ಕೆ. ಎಸ್. ನಿಸಾರ್ ಅಹಮದ್ ಅವರು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದವರು. ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಅದಕ್ಕೆ ಹೆಸರು. ಮನೆಮನೆಗಳಲ್ಲಿ ಹೆಣ್ಣುಮಕ್ಕಳು ಅದನ್ನು ಕೇಳಿಯೇ ಬಾಯಿಪಾಠ ಮಾಡಿದ್ದೆವು. ಪುಸ್ತಕ ನೋಡಿದವರು ಕಡಿಮೆ. ಆದರೂ ಪದ ತಪ್ಪಿದವರೂ ಕಡಿಮೆ. ವಾದ್ಯಗಳು ಸಾಲು ಮುಗಿದ ಮೇಲೆ ಮಾತಾಡುತ್ತವೆ, ಸಾಲು ನಡೆಯುವಾಗ ತಗ್ಗುತ್ತವೆ. ಅನಂತಸ್ವಾಮಿಯವರ ಧಾಟಿ ಪದವನ್ನು ನಡುವೆ ಮುರಿಯುವುದು ಅಪರೂಪ. ಕವಿ ಉಸಿರು ಬಿಟ್ಟಲ್ಲಿ ಅವರೂ ಬಿಡುತ್ತಾರೆ.

ಸಿ. ಅಶ್ವತ್ಥ್ ಅವರದು ಬೇರೆ ದಾರಿ. ರಂಗಗೀತೆಗಳ ಹಿನ್ನೆಲೆ, 1977ರ ‘ಕಾಕನಕೋಟೆ’ಯಿಂದ ಸಿನಿಮಾ ಸಂಗೀತ, 1990ರಲ್ಲಿ ‘ಸಂತ ಶಿಶುನಾಳ ಷರೀಫ’. ಅವರು ವ್ಯಂಜನವನ್ನು ಕಮ್ಮಾರ ಕಬ್ಬಿಣ ಬಡಿದಂತೆ ಬಡಿಯುತ್ತಾರೆ. ಎಷ್ಟು ವಾದ್ಯ ತುಂಬಿದರೂ ಅವರ ಪದ ಎದ್ದು ನಿಲ್ಲುತ್ತದೆ. ಆದರೆ ದೊಡ್ಡ ಮೇಳದ ಹಾಡುಗಳಲ್ಲಿ ಅವರ ಹಿಂದೆ ಹಾಡುವ ಗುಂಪಿನ ಪದ ಹಾಗೆ ನಿಲ್ಲುವುದಿಲ್ಲ ಎಂಬುದು ನನ್ನ ಆಕ್ಷೇಪ. ಗುರುಗಳಿಗೆ ಸಾಧ್ಯವಾದದ್ದು ಮೇಳಕ್ಕೆ ಸಾಧ್ಯವಾಗುವಂತೆ ವಾದ್ಯ ತಗ್ಗಿಸಬೇಕಿತ್ತು.

ನಮ್ಮ ಜಿಲ್ಲೆಯವರೇ ಆದ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ, ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ಯ ಹಾಡು ಕೇಳಿ. ಅಲ್ಲಿ ತಾಳವೂ ಕುದುರೆಯ ಕಾಲಿನ ಓಟ, ಪದವೂ ಅದೇ ಓಟ. ಎರಡೂ ಒಂದೇ ಹೆಜ್ಜೆಯಲ್ಲಿ ಓಡುವುದರಿಂದ ಒಂದು ಇನ್ನೊಂದನ್ನು ತುಳಿಯುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರು (1910–1992) ಹಾಡಿದ ವಚನಗಳಲ್ಲಿ ತಂಬೂರಿ, ಹಾರ್ಮೋನಿಯಂ, ತಬಲಾ ಬಿಟ್ಟರೆ ಹೆಚ್ಚೇನಿಲ್ಲ. ಮೊದಲು ಮಾತನ್ನು ನಮ್ಮ ಕೈಗೆ ಕೊಟ್ಟು, ಆಮೇಲೆ ರಾಗಕ್ಕೆ ಹೋಗುತ್ತಾರೆ.

ಈಚಿನ ವರ್ಷಗಳ ವಚನದ ಆಲ್ಬಂಗಳನ್ನು ಇವುಗಳ ಪಕ್ಕದಲ್ಲಿಟ್ಟು ಕೇಳಿದರೆ ಬೇಸರವಾಗುತ್ತದೆ. ಪ್ರತಿಧ್ವನಿ ಹೆಚ್ಚಿದಷ್ಟೂ ಭಕ್ತಿ ಹೆಚ್ಚಿದಂತೆ ಎಂಬ ತಿಳಿವಳಿಕೆ ಅವುಗಳಲ್ಲಿ ಹಲವಕ್ಕೆ. ಓಂಕಾರ, ಗಂಟೆ, ಶಂಖ, ನೀರಿನ ಸದ್ದು, ಇಷ್ಟರ ಕೆಳಗೆ ಎಲ್ಲೋ ಅಕ್ಕ. ವಚನ ಎಂದರೇ ಮಾತು. ರಾಜನನ್ನು ಬಿಟ್ಟು, ಲೋಕವನ್ನು ಎದುರಿಸಿ, ತಾನೇ ಬಾಯಿಬಿಟ್ಟು ಆಡಿದ ಹೆಣ್ಣೊಬ್ಬಳ ಮಾತನ್ನು ಎಂಟು ನೂರು ವರ್ಷಗಳ ನಂತರ ಕೀಬೋರ್ಡಿನಿಂದ ಮುಚ್ಚುವುದು ನನಗಂತೂ ಸಣ್ಣ ತಪ್ಪಾಗಿ ಕಾಣುವುದಿಲ್ಲ.

ಶಾಲೆಯ ಮಾತಿಗೆ ಬಂದರೆ, ಕುವೆಂಪು ಅವರ ನಾಡಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರದ ಆದೇಶವಾಯಿತು. ಧಾಟಿ ಯಾವುದು, ಸಮಯ ಎಷ್ಟು ಎಂದು ನಾಡಿನ ಹಿರಿಯರೆಲ್ಲ ಚರ್ಚಿಸಿದರು. ಮಕ್ಕಳ ಬಾಯಲ್ಲಿ ಪದ ಸರಿಯಾಗಿ ಬರುತ್ತಿದೆಯೇ ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಸ್ಪೀಕರು ಹಾಡುತ್ತದೆ, ಮಕ್ಕಳು ಅದರ ಕೆಳಗೆ ತುಟಿ ಆಡಿಸುತ್ತಾರೆ. ಒಂದು ದಿನ ಸ್ಪೀಕರು ನಿಲ್ಲಿಸಿ ಕೇಳಿದೆ. ಮಕ್ಕಳಿಗೆ ಗೊತ್ತಿದ್ದದ್ದು ಧಾಟಿ. ಪದಗಳಿದ್ದ ಜಾಗದಲ್ಲಿ ಪದದಂಥ ಸದ್ದುಗಳಿದ್ದವು.

ಹಾಗೆಂದು ಎಲ್ಲ ಹಾಡಿನಲ್ಲೂ ಮಾತೇ ಮುಂದಿರಬೇಕೆಂದು ಹಟ ಹಿಡಿಯಲಾರೆ. ದೀಪಾವಳಿಯ ರಾತ್ರಿ ಸೊರಬದ ಕಡೆ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಬರುತ್ತಾರೆ. ದೂರದ ಗದ್ದೆಯ ಅಂಚಿನಿಂದ ಆ ಹಾಡು ಕೇಳುವಾಗ ಪದ ತಿಳಿಯುವುದಿಲ್ಲ, ತಿಳಿಯಬೇಕಿಲ್ಲ. ದೀಪ ಬರುತ್ತಿದೆ ಎಂಬುದೇ ಅದರ ಅರ್ಥ. ಜೋಗುಳದ ‘ಜೋ’, ಸೋಬಾನೆಯ ‘ಸೋ’ ಇವಕ್ಕೆ ಯಾವ ನಿಘಂಟು? ಡೊಳ್ಳಿಗೆ ಮಾತೇ ಬೇಡ. ಈ ಹಾಡಿನ ಜೀವ ಯಾವುದರಲ್ಲಿದೆ ಎಂದು ಗುಂಡಿ ಮುಟ್ಟುವ ಮುನ್ನ ಒಮ್ಮೆ ಕೇಳಿಕೊಳ್ಳಲಿ ಎಂದಷ್ಟೇ ನನ್ನ ಬೇಡಿಕೆ. ಅಂಥವರಿಗೆ ಭಾಷೆ ಬಂದಿರಬೇಕು, ಯಂತ್ರ ಬಂದರೆ ಸಾಲದು.

ಅಂದು ಸೊರಬದಿಂದ ಮರಳುವಾಗ ಶಿರಾಳಕೊಪ್ಪದಲ್ಲಿ ಇಳಿದು ಬಳ್ಳಿಗಾವಿಗೆ ಹೋದೆ. ಕೇದಾರೇಶ್ವರ ಗುಡಿಯ ಕಂಬಗಳ ನಡುವೆ ಸ್ವಲ್ಪ ಹೊತ್ತು ಕುಳಿತೆ. ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಲೆ ನುಡಿಸುವವನು. ಕಮಲತೆಯ ಮರಣದ ನಂತರ ಅವನ ಬಾಳು ಬೇರೆ ದಾರಿ ಹಿಡಿಯಿತು. ಮಕ್ಕಳಿಗೆ ಈ ಕತೆಯನ್ನು ವೈರಾಗ್ಯದ ಕತೆಯಾಗಿ ಎಷ್ಟೋ ಸಲ ಹೇಳಿದ್ದೇನೆ. ಅಂದು ಬೇರೊಂದು ತೋಚಿತು. ಎರಡು ಪೆಟ್ಟಿನ ನಡುವೆ ಎಷ್ಟು ಬಿಡಬೇಕೆಂದು ಬಲ್ಲ ಕೈಯವನು ಮಾತಿಗೆ ಬಂದದ್ದಕ್ಕೇ ಅವನ ವಚನಗಳಲ್ಲಿ ಅಷ್ಟು ಬಯಲಿರಬೇಕು. ಇದು ಪಂಡಿತರು ಒಪ್ಪುವ ಮಾತೋ ಅಲ್ಲವೋ. ಟೀಚರೊಬ್ಬಳು ಬಸ್ಸಿಗೆ ಕಾಯುವಾಗ ಹೊಳೆದದ್ದು.

ಹುಡುಗ ಎರಡು ವಾರದಲ್ಲಿ ಅಮ್ಮನ ಹಾಡನ್ನು ಮೂಲ ಕ್ಯಾಸೆಟ್ಟಿನಿಂದಲೇ ಮತ್ತೆ ತೆಗೆದುಕೊಟ್ಟ. ಏನೂ ಸೇರಿಸಿರಲಿಲ್ಲ. ಕರೆಂಟಿನ ಗುಂಯ್ ಎನ್ನುವ ಸದ್ದು ತಗ್ಗಿಸಿ, ಮಾತಿನ ಕಂಪನಗಳನ್ನು ಕೊಂಚ ಏರಿಸಿದ್ದ. ಟೇಪಿನ ಸುಯ್ ಅಲ್ಲೇ ಇತ್ತು. “ಅದು ಇರಲಿ ಅಕ್ಕೋರೆ, ಅದರೊಳಗೆ ಅಕ್ಷರ ಇದಾವೆ” ಎಂದ.

ಚಿಕ್ಕಮ್ಮನ ಮನೆಗೆ ಹೋಗಿ ಹಾಕಿದೆ. ಕಲ್ಲು ಎರಡು ಸುತ್ತು ತಿರುಗಿತು. ಹಾಡು ಇನ್ನೂ ಶುರುವಾಗಿರಲಿಲ್ಲ. “ನಮ್ಮನೆ ಬೀಸುಕಲ್ಲು! ಒಂದು ಮೂಲೆ ಒಡೆದಿತ್ತಲ್ಲ, ಅದಕ್ಕೇ ಹಾಂಗೆ ಕುಂಟೋದು” ಎಂದರು. ಅಮ್ಮನ ದನಿ ಬಂತು. ಚಿಕ್ಕಮ್ಮ ಏನೂ ಹೇಳಲಿಲ್ಲ. ಎಲೆಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಮೂರನೆಯ ಪದದಲ್ಲಿ ಹುಂಜ ಕೂಗುವ ಜಾಗವೊಂದಿದೆ. ಅದರಡಿಯಲ್ಲಿ ಸಿಕ್ಕ ಮಾತನ್ನು ನಾನು ಮೊದಲಿನಿಂದಲೂ ‘ತವರಿನ ಹೊಳೆ’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಮದುವೆಯಾಗಿ ಬಂದವಳು ತನ್ನೂರಿನ ಹೊಳೆಯನ್ನು ನೆನೆಸಿಕೊಂಡಿದ್ದಾಳೆ, ವರದೆಯೋ ದಂಡಾವತಿಯೋ ಇರಬೇಕು ಎಂದು ತರಗತಿಯಲ್ಲಿ ಪಾಠವನ್ನೂ ಮಾಡಿದ್ದೆ. ಚಿಕ್ಕಮ್ಮ ಕೈ ಎತ್ತಿ ನಿಲ್ಲಿಸಲು ಹೇಳಿದರು. “ಹೊಳೆ ಎಲ್ಲಿಂದ ಬಂತು ಮಾರಾಯ್ತಿ? ಅದು ಒಲೆ. ಅವ್ವ ಇಲ್ಲದ ಮನೇಲಿ ಯಾರು ಒಲೆ ಹಚ್ಚಿದರೋ ಅಂತ ಕೇಳ್ತಾಳೆ ಅವಳು” ಎಂದು, ಆ ಸಾಲನ್ನು ತಾವೇ ಹಾಡಿ ತೋರಿಸಿದರು. ದನಿ ನಡುಗುತ್ತಿತ್ತು. ಲಕಾರ ಲಕಾರವಾಗಿಯೇ ಬಂತು.

ನೋಟ್‌ಬುಕ್ಕು ತೆಗೆದು ತಿದ್ದಿಕೊಂಡೆ. “ಇನ್ನೊಂದ್ಸಲ ಹಾಕು” ಎಂದರು ಚಿಕ್ಕಮ್ಮ. ಅವರಿಗೆ ಕೇಳಲಿ ಎಂದು ನಾನು ಸದ್ದು ಹೆಚ್ಚಿಸಲು ಹೋದೆ. “ಅಷ್ಟು ಜೋರು ಬ್ಯಾಡ” ಎಂದು ನನ್ನ ಕೈ ಹಿಡಿದುಕೊಂಡರು.